ಮಾತಾಡದ ಮಗುವಿನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಸಂಜೆ ಗೇಟಿನ ಹತ್ತಿರ ಒಬ್ಬರು ನಮ್ಮ ನಲಿ-ಕಲಿ ಮಗುವೊಂದರ ಗಲ್ಲ ಹಿಡಿದು, "ಏನು, ಮಾತಾಡಿದ್ರೆ ಮುತ್ತು ಉದುರುತ್ತಾ?" ಎಂದರು. ಪ್ರೀತಿಯಿಂದಲೇ ಕೇಳಿದ್ದು. ಮಗು ಕಂಬದ ಹಾಗೆ ನಿಂತುಬಿಟ್ಟಿತು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆ ಮಗು ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ತಾಯಿ ಮೊಬೈಲಿನಲ್ಲಿ ತೋರಿಸಿದರು: ಕೋಳಿಮರಿಗಳನ್ನು ಸಾಲಾಗಿ ಕೂರಿಸಲು ನೋಡುತ್ತಾ, ಥೇಟ್ ನಮ್ಮ ಟೀಚರ್ ದನಿಯಲ್ಲಿ ಗದರುತ್ತಿತ್ತು! ಶಾಲೆಯಲ್ಲಿ ಹಾಜರಿ ಕೂಗಿದರೂ ದನಿ ಹೊರಡುವುದಿಲ್ಲ. ಒಂದಕ್ಕೆ ಹೋಗಬೇಕೆಂದು ಕೇಳಲಾಗದೆ ಮನೆ ಮುಟ್ಟುವ ತನಕ ತಡೆದುಕೊಂಡದ್ದೂ ಉಂಟು.

ಇದು ಹಟವಲ್ಲ, ಕೊಬ್ಬಲ್ಲ. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಕನ್ನಡದಲ್ಲಿ 'ಆಯ್ದ ಮೂಕತನ' ಅನ್ನುವುದು ನನಗೆ ಹಿಡಿಸುವುದಿಲ್ಲ. ಮಗು ಏನನ್ನೂ ಆಯ್ದುಕೊಂಡಿಲ್ಲ, ಭಯಕ್ಕೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಆತಂಕದ ತೊಂದರೆಗಳ ಗುಂಪಿಗೆ ಸೇರಿಸಿದೆ. ಹೆಚ್ಚಾಗಿ 5 ವರ್ಷದೊಳಗೇ ಶುರುವಾಗುತ್ತದೆ, ಕಣ್ಣಿಗೆ ಬೀಳುವುದು ಶಾಲೆಗೆ ಸೇರಿದ ಮೇಲೆ. ಬಜೆ ತೇದು ನಾಲಿಗೆಗೆ ಹಚ್ಚಿದ್ದಾಯಿತು ಎಂದು ಅಜ್ಜಿ ಹೇಳಿದರು. ಪಾಪ, ತೊಂದರೆ ಇರುವುದು ನಾಲಿಗೆಯಲ್ಲಿ ಅಲ್ವಲ್ಲ.

ಹಿಂದೆ ಬೇರೊಂದು ಶಾಲೆಯಲ್ಲಿದ್ದಾಗ ಇಂಥದೇ ಮಗುವನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, "ಹೆಸರು ಹೇಳು, ಚಾಕೊಲೇಟ್ ಕೊಡ್ತೀನಿ" ಎಂದಿದ್ದೆ. ಅದು ಚಾಕೊಲೇಟಿನ ಕಡೆ ನೋಡಲೂ ಇಲ್ಲ. ಮರುದಿನ ಶಾಲೆಗೆ ಬರಲಿಲ್ಲ.

ಈಗ ಬೇರೆ ದಾರಿ ಹಿಡಿದಿದ್ದೇವೆ. ವಾರದಲ್ಲಿ ಮೂರು ದಿನ, ಗಂಟೆ ಹೊಡೆಯುವ ಮುಂಚೆ ತಾಯಿ-ಮಗು ಖಾಲಿ ಕೋಣೆಯಲ್ಲಿ ಹಾವು-ಏಣಿ ಆಡುತ್ತಾರೆ. ಮೊದಲ ವಾರ ಟೀಚರ್ ಜಗಲಿಯಲ್ಲಿದ್ದರು. ಆಮೇಲೆ ಬಾಗಿಲಿಗೆ ಬಂದರು. ಈಗ ಒಳಗೇ ಕೂತು, ಮಗುವಿನ ಮುಖ ನೋಡದೆ ಪುಸ್ತಕ ತಿದ್ದುತ್ತಾರೆ. ಮೊನ್ನೆ ದಾಳ ಬಿದ್ದಾಗ "ನಾಕು" ಅಂದದ್ದು ಅವರ ಕಿವಿಗೂ ಬಿತ್ತು. ತಲೆ ಎತ್ತಲಿಲ್ಲ. ಅದೇ ಕಷ್ಟದ ಕೆಲಸ! ಚಪ್ಪಾಳೆ ತಟ್ಟಿದ್ದರೆ ಎಲ್ಲರ ಕಣ್ಣು ತನ್ನ ಮೇಲೇ ಎಂದು ಮಗು ಮತ್ತೆ ಮುದುಡುತ್ತಿತ್ತು. ಓದುವ ಪರೀಕ್ಷೆಗೆ ಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಸಾಕು. ಶೌಚಾಲಯಕ್ಕೆ ಹೋಗಲು ಮೇಜಿನ ಮೇಲೆ ಕೆಂಪು ಚೀಟಿ ಇಟ್ಟರಾಯಿತು.

ನೀವೂ "ಮಾತಾಡು, ಮಾತಾಡು" ಎಂದು ಬೆನ್ನು ಹತ್ತಬೇಡಿ. "ಏನು ಬೇಕು?" ಅನ್ನುವ ಬದಲು "ಮೊಟ್ಟೆನಾ, ಬಾಳೆಹಣ್ಣಾ?" ಎಂದು ಕೇಳಿ, ಸ್ವಲ್ಪ ಕಾಯಿರಿ. ಬೆರಳು ತೋರಿಸಿದರೂ ಅದು ಉತ್ತರವೇ. ನಿಮ್ಮ ಮಕ್ಕಳು "ಅದಕ್ಕೆ ಮಾತು ಬರಲ್ಲ" ಅಂದರೆ, "ಬರುತ್ತೆ, ಶಾಲೇಲಿ ಇನ್ನೂ ಶುರು ಮಾಡಿಲ್ಲ" ಎಂದು ತಿದ್ದಿ. ಮೂಗ, ಮೂಗಿ ಅನ್ನುವ ಅಡ್ಡಹೆಸರು ಮಾತ್ರ ನಾನು ಸಹಿಸುವುದಿಲ್ಲ.

ಶಾಲೆಗೆ ಸೇರಿದ ಮೊದಲ ತಿಂಗಳು ಸುಮ್ಮನಿದ್ದರೆ ಗಾಬರಿ ಬೇಡ. ಮನೆಯಲ್ಲಿ ಉರ್ದುವೋ ತೆಲುಗೋ ಆಡುವ ಮಗು ಕನ್ನಡಕ್ಕೆ ಒಗ್ಗಿಕೊಳ್ಳಲು ಇನ್ನೂ ಜಾಸ್ತಿ ದಿನ ಹಿಡಿಯಬಹುದು. ಆಮೇಲೂ ಹಾಗೇ ಇದ್ದರೆ, "ದೊಡ್ಡವರಾದ್ಮೇಲೆ ಸರಿಹೋಗುತ್ತೆ" ಎಂದು ಕೂರದೆ ನನ್ನ ಹತ್ತಿರ ಬನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಕಚೇರಿಯಲ್ಲೇ ಇರುತ್ತೇನೆ. ಇನ್ನೊಂದು ಮಾತು: ಬೆಳಿಗ್ಗೆ ಮಕ್ಕಳನ್ನು ಬಿಡಲು ಬಂದಾಗ ಆ ಕೋಣೆಯ ಕಿಟಕಿಯಲ್ಲಿ ದಯವಿಟ್ಟು ಇಣುಕಬೇಡಿ. ಆಟ ನಡೆಯುತ್ತಿರುತ್ತದೆ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ