ಸರ್ವೀಸ್ ಮುಗಿಸಿದೋರು ಸಣ್ಣ ಕೋರ್ಟಲ್ಲಿ ಕೂರಬಾರದಾ?

ಮಾನ್ಯ ಸಂಪಾದಕರೆ,

ಹೋದ ವಾರ ಬೆಳಿಗ್ಗೆ ವಾಕಿಂಗ್‌ಗೆ ಹೋದಾಗ ಮಾತಿಗೆ ಮಾತು ಬಂದು, ಅಮೆರಿಕಾದಲ್ಲಿ ನನ್ನ ಮಗಳ ಪಕ್ಕದ ಮನೆಯ ರಿಟೈರ್ಡ್ ಪೊಲೀಸ್ ಒಬ್ರು ಜಡ್ಜ್ ಆಗೋಕೆ ಎಲೆಕ್ಷನ್‌ಗೆ ನಿಂತಿದ್ರು ಅಂದೆ, ಪಾರ್ಕಲ್ಲಿದ್ದೋರೆಲ್ಲ ನಕ್ಕುಬಿಟ್ರು. ಲಾ ಓದದ ಪೊಲೀಸಪ್ಪ ಜಡ್ಜಾ, ಅದ್ಯಾವ ಸೀಮೆ ನ್ಯಾಯ ಅಂತ ಒಬ್ರು, ನಮ್ಮಲ್ಲೂ ಜಡ್ಜ್‌ಗಳನ್ನ ಓಟ್ ಹಾಕೇ ಆರಿಸ್ಬೇಕು ಆಗ ಗೊತ್ತಾಗತ್ತೆ ಅಂತ ಇನ್ನೊಬ್ರು. ನನಗೆ ಎರಡೂ ಮಾತು ಸರಿ ಕಾಣ್ಲಿಲ್ಲ. ನಕಲು ವಿಭಾಗಕ್ಕೆ ಟೈಪಿಸ್ಟ್ ಆಗಿ ಸೇರಿ, 34 ವರ್ಷ ಕೋರ್ಟಲ್ಲೇ ಇದ್ದು, ಶಿರಸ್ತೇದಾರ್ ಆಗಿ ಮನೆಗೆ ಬಂದೋಳು ನಾನು, ಅದಕ್ಕೇ ಈ ವಿಷಯ ಸುಮ್ನೆ ಬಿಡೋಕೆ ಮನಸ್ಸು ಒಪ್ಲಿಲ್ಲ, ನಿಮಗೆ ಬರೀತಿದೀನಿ.

ಮಗಳು ಇರೋದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಹತ್ರ. 2025 ರ ಫೆಬ್ರವರಿ ಕೊನೇಲಿ, ಹೊರಗೆ ಮಂಡಿ ಮಟ್ಟ ಹಿಮ ಇರೋವಾಗ, ಸಾಯಂಕಾಲ ಬೆಲ್ ಆಯ್ತು. ನೋಡಿದ್ರೆ ಪಕ್ಕದ ಮನೆಯವರು, ಕೈಯಲ್ಲಿ ರಟ್ಟಿಗೆ ಕ್ಲಿಪ್ ಹಾಕಿದ ಎರಡು ಕಟ್ಟು ಕಾಗದ. 26 ವರ್ಷ ಪೊಲೀಸ್ ಸರ್ವೀಸ್ ಮುಗಿಸಿದ್ದಾರೆ, ಈಗ ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ ಜಡ್ಜ್ ಸ್ಥಾನಕ್ಕೆ ನಿಲ್ತಿದಾರೆ, ಬ್ಯಾಲಟ್ ಮೇಲೆ ಹೆಸರು ಬರ್ಬೇಕು ಅಂದ್ರೆ ಆ ಏರಿಯಾದ ಓಟರ್‌ಗಳ ಹತ್ರ ಪಾರ್ಟಿಗೆ 100 ರಂತೆ ಸಹಿ ಬೇಕು. ಕಟ್ಟು ಯಾಕೆ ಎರಡು ಅಂದ್ರೆ ಒಂದು ಡೆಮಾಕ್ರಾಟ್ ಅಂತ ರಿಜಿಸ್ಟರ್ ಆದೋರದ್ದು, ಇನ್ನೊಂದು ರಿಪಬ್ಲಿಕನ್‌ದು, ಈ ಹುದ್ದೆಗೆ ಎರಡೂ ಪಾರ್ಟಿಯ ಪ್ರೈಮರಿಯಲ್ಲಿ, ಅಂದ್ರೆ ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಮೊದಲ ಸುತ್ತಲ್ಲಿ, ಒಟ್ಟಿಗೇ ನಿಲ್ಲೋಕೆ ಅಲ್ಲಿ ಕಾನೂನು ಬಿಡತ್ತೆ. ಮಗಳು ಸಹಿ ಹಾಕಿದ್ಲು. ಅವ್ರ ಬೆರಳೆಲ್ಲ ಚಳಿಗೆ ಕೆಂಪಾಗಿ ಪೆನ್ನಿನ ಕ್ಯಾಪ್ ತೆಗೆಯೋಕೂ ಆಗ್ತಿರ್ಲಿಲ್ಲ, ಒಳಗೆ ಕರೆದು ಕಾಫಿ ಕೊಟ್ವಿ.

ಅಲ್ಲೇ ನಾನು ಮಗಳ ಬಾಯಲ್ಲಿ ಕೇಳಿಸಿದೆ, ನೀವು ಇಷ್ಟು ವರ್ಷ ಪೊಲೀಸು, ನಾಳೆ ನಿಮ್ಮ ಮುಂದೆ ಪೊಲೀಸೇ ಸಾಕ್ಷಿ ಹೇಳೋಕೆ ಬಂದ್ರೆ ಏನ್ ಮಾಡ್ತೀರಿ ಅಂತ. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಅವ್ರು ಸ್ವಲ್ಪ ಹೊತ್ತು ಕಪ್ಪನ್ನೇ ನೋಡ್ತಾ ಕೂತು, ಯಾವ ಕೇಸಲ್ಲಿ ಹೇಗೆ ತೀರ್ಪು ಕೊಡ್ತೀನಿ ಅಂತ ಕ್ಯಾಂಡಿಡೇಟ್ ಆದೋನು ಮಾತು ಕೊಡೋ ಹಾಗಿಲ್ಲ, ರೂಲ್ ಇದೆ, ಆದ್ರೆ ಒಂದ್ ಹೇಳ್ತೀನಿ, ಯಾವ ರಿಪೋರ್ಟ್ ಕಣ್ಣಾರೆ ನೋಡಿ ಬರೆದಿದ್ದು ಯಾವುದು ಸ್ಟೇಷನ್ನಲ್ಲಿ ಕೂತು ಬರೆದಿದ್ದು ಅಂತ ನನಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗತ್ತೆ ಅಂದ್ರು. ನನಗೆ ಮೈ ಜುಮ್ ಅಂತು. ಯಾಕಂದ್ರೆ ನಾನೂ ಸಾವಿರಾರು ಮಹಜರು ನೋಡಿದೀನಿ, ಬೇರೆ ಬೇರೆ ಊರಲ್ಲಿ ನಡೆದ ಕೇಸಿಗೆ ಅದೇ ಇಬ್ರು ಪಂಚರು, ಅದೇ ಒಕ್ಕಣೆ, ತಾರೀಖು ಮಾತ್ರ ಬೇರೆ. ಇದು ಪುಸ್ತಕದಿಂದ ಬರೋ ವಿದ್ಯೆ ಅಲ್ಲ, ವರ್ಷಾನುಗಟ್ಲೆ ಆ ಕಾಗದದ ಜೊತೆ ಬದುಕಿದೋರಿಗೆ ಬರೋದು.

ಈಗ ಆ ಹುದ್ದೆ ಏನು ಅಂತ ಹೇಳ್ಬೇಕು, ಯಾಕಂದ್ರೆ ಪಾರ್ಕಲ್ಲಿ ನಕ್ಕೋರು ಹೈಕೋರ್ಟ್ ಜಡ್ಜ್ ಥರ ಅನ್ಕೊಂಡಿದ್ರು. ಪೆನ್ಸಿಲ್ವೇನಿಯಾದಲ್ಲಿ ಇಂಥ ಜಡ್ಜ್‌ಗಳು 500 ಕ್ಕೂ ಮೇಲೆ ಇದಾರೆ, ಜನ ಈಗ್ಲೂ ಮ್ಯಾಜಿಸ್ಟ್ರೇಟ್ ಅಂತಾನೇ ಕರೀತಾರೆ. ಟ್ರಾಫಿಕ್ ಟಿಕೆಟ್, ಬಾಡಿಗೆ ತಕರಾರು, 12,000 ಡಾಲರ್ ಒಳಗಿನ ಸಿವಿಲ್ ಕ್ಲೇಮು, ಮಕ್ಕಳು ಸ್ಕೂಲಿಗೆ ಹೋಗದೇ ಇರೋ ಕೇಸು, ಕ್ರಿಮಿನಲ್ ಕೇಸಲ್ಲಿ ಮೊದಲ ಹಾಜರಿ ಮತ್ತೆ ಜಾಮೀನು, ಇಷ್ಟು ಅವ್ರ ಕೆಲಸ. ಅವಧಿ ಆರು ವರ್ಷ. ಆ ಏರಿಯಾದಲ್ಲೇ ಕನಿಷ್ಠ ಒಂದು ವರ್ಷ ವಾಸ ಇರ್ಬೇಕು. ಲಾಯರ್ ಆಗಿರ್ಲೇಬೇಕು ಅಂತಿಲ್ಲ, ಆದ್ರೆ ಲಾಯರ್ ಅಲ್ದೇ ಇರೋರು ಕೋರ್ಸ್ ಮಾಡಿ ಪರೀಕ್ಷೆ ಪಾಸ್ ಮಾಡೋ ತನಕ ಕುರ್ಚಿ ಮೇಲೆ ಕೂರೋ ಹಾಗಿಲ್ಲ. ಅವ್ರ ತೀರ್ಪು ಒಪ್ಪಿಗೆ ಇಲ್ದಿದ್ರೆ ಮೇಲಿನ ಕೋರ್ಟಿಗೆ ಹೋದ್ರೆ ಅಲ್ಲಿ ಅಪೀಲ್ ಅಂತ ಬರೀ ಫೈಲ್ ನೋಡೋದಲ್ಲ, ಕೇಸನ್ನ ಮೊದಲಿಂದ ಹೊಸದಾಗಿ ನಡೆಸ್ತಾರೆ. ಇಷ್ಟೆಲ್ಲ ಬೇಲಿ ಹಾಕಿ ಕೊಟ್ಟಿರೋ ಅಧಿಕಾರ ಅದು.

ಏಪ್ರಿಲಲ್ಲಿ ಒಂದಿನ ಅಂಥ ಕೋರ್ಟ್ ನೋಡ್ಬೇಕು ಅಂತ ಹಠ ಮಾಡಿ ಹೋದೆ, ಯಾರು ಬೇಕಾದ್ರೂ ಹೋಗಿ ಕೂರ್ಬಹುದು. ಪಿಜ್ಜಾ ಅಂಗಡಿ ಪಕ್ಕದಲ್ಲಿ ಒಂದು ಸಾಧಾರಣ ಬಾಗಿಲು, ಒಳಗೆ ನಮ್ಮ ಬ್ಯಾಂಕಿನ ಸಣ್ಣ ಬ್ರಾಂಚ್ ಥರ. ಬಾಡಿಗೆ ಕೇಸು ನಡೀತಿತ್ತು. ಸುಮಾರು 30 ವಯಸ್ಸಿನ ಹೆಂಗಸು, ತೊಡೆ ಮೇಲೆ ಮಗು, ಮೂರು ತಿಂಗಳ ಬಾಡಿಗೆ ಬಾಕಿ ಅಂತ ಓನರ್ ಖಾಲಿ ಮಾಡಿಸೋಕೆ ಹಾಕಿದ್ದು. ಆಕೆ ಒಂದು ಜಿಪ್ ಕವರಿಂದ ಮುದುಡಿದ ರಸೀದಿಗಳನ್ನ ಸುರಿದ್ಲು. ಕರಿ ಗೌನ್ ಹಾಕಿದ ಜಡ್ಜ್ ಅದನ್ನ ಹತ್ರಕ್ಕೆ ಎಳ್ಕೊಂಡು ತಾವೇ ಒಂದೊಂದನ್ನ ಬಿಡಿಸಿ, ತಿಂಗಳ ಪ್ರಕಾರ ಸಾಲಾಗಿ ಜೋಡಿಸಿದ್ರು, ಜನವರಿ, ಫೆಬ್ರವರಿ, ಮಾರ್ಚ್, ಫೆಬ್ರವರಿ ರಸೀದಿ ಇದೆ ಇದನ್ನ ಯಾಕೆ ಜಮಾ ತಗೊಂಡಿಲ್ಲ ಅಂತ ಓನರನ್ನ ಕೇಳಿದ್ರು. ಅಷ್ಟೂ ಮುಗಿಯೋಕೆ ಕಾಲು ಗಂಟೆ ಹಿಡಿದಿರ್ಬೇಕು. ಬಾಕಿ ಎರಡು ತಿಂಗಳಿಗೆ ತೀರ್ಪು ಆಕೆ ವಿರುದ್ಧವೇ ಬಂತು, ಆದ್ರೆ ಮನೆ ಬಿಡೋ ಆರ್ಡರ್ ಮೇಲೆ ಅಪೀಲಿಗೆ 10 ದಿನ ಇದೆ, ಯಾವ ಆಫೀಸಿಗೆ ಹೋಗ್ಬೇಕು ಅಂತ ಜಡ್ಜೇ ಬಾಯಲ್ಲಿ ಹೇಳಿ ಕಾಗದ ಕೈಗೆ ಕೊಟ್ರು. ಅರ್ಜಿ ಹಾಕಿದ 7 ರಿಂದ 15 ದಿನದೊಳಗೆ ವಿಚಾರಣೆ ಇಡ್ಲೇಬೇಕು ಅನ್ನೋದು ಅಲ್ಲಿ ರೂಲು.

ನಾನು ಕೆಲಸ ಮಾಡ್ತಿದ್ದ ಒಂದು ಕೋರ್ಟಿಗೆ ಒಬ್ಬ ಅಜ್ಜಿ ಬರ್ತಿದ್ರು, ಕಂದಾಯದ ರಸೀದಿಗಳನ್ನ ರೇಷನ್ ಅಂಗಡಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಸೆರಗಿಗೆ ಗಂಟು ಹಾಕ್ಕೊಂಡು. ಪ್ರತಿ ವಾಯಿದೆಗೂ ಆ ಗಂಟು ಬಿಚ್ಚೋರು, ಜವಾನ ಇವತ್ತು ಇಲ್ಲಮ್ಮ ಅನ್ನೋನು, ಮತ್ತೆ ಕಟ್ಕೊಂಡು ಹೋಗೋರು. ಸಾಕ್ಷ್ಯದ ಹಂತ ಬರೋ ತನಕ ಯಾರೂ ಅದನ್ನ ಬಿಡಿಸಿ ನೋಡೋ ಹಾಗಿರ್ಲಿಲ್ಲ, ಆ ಹಂತ ಬರೋಷ್ಟರಲ್ಲಿ ಅಜ್ಜಿ ಇರ್ಲಿಲ್ಲ, ಮಗ ವಾರಸುದಾರ ಅಂತ ರೆಕಾರ್ಡಿಗೆ ಬಂದ. ಆ ಅರ್ಜಿ ತಗೊಂಡು ಸೀಲ್ ಹಾಕಿದ್ದು ನಾನೇ. ಪಿಟ್ಸ್‌ಬರ್ಗಲ್ಲಿ ಆ ಹೆಂಗಸು ಜಿಪ್ ಕವರ್ ತೆಗೆದಾಗ ನನಗೆ ಆ ಸೆರಗಿನ ಗಂಟೇ ಕಣ್ಮುಂದೆ ಬಂತು, ಅಲ್ಲಿ ಕೂತಿರೋಕೆ ಆಗ್ಲಿಲ್ಲ, ಹೊರಗೆ ಬಂದ್ಬಿಟ್ಟೆ.

ಹಾಗಂತ ಎಲೆಕ್ಷನ್ ನಮಗೆ ಬೇಕು ಅಂತ ನಾನು ಹೇಳ್ತಿಲ್ಲ, ಖಂಡಿತ ಬೇಡ. ಗ್ರಾಮ ಪಂಚಾಯ್ತಿ ಚುನಾವಣೆಗೇ ಏನೇನು ಹಂಚ್ತಾರೆ ಅಂತ ನೋಡಿದೀವಿ. ಅಲ್ಲಿ ಜಡ್ಜ್ ಸ್ಥಾನಕ್ಕೆ ನಿಂತೋರು ತಾವಾಗೇ ಯಾರ ಹತ್ರಾನೂ ದುಡ್ಡು ಕೇಳೋ ಹಾಗಿಲ್ಲ, ಕಮಿಟಿ ಮಾಡಿ ಅದರ ಮೂಲಕವೇ ಚಂದಾ ಎತ್ಬೇಕು, ಅಷ್ಟು ಕಟ್ಟುನಿಟ್ಟು ಇದ್ರೂ ಅದೇ ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ ಮಾರ್ಕ್ ಸಿಯಾವರೆಲ್ಲಾ, ಮೈಕಲ್ ಕೊನಹನ್ ಅಂತ ಇಬ್ರು ಜಡ್ಜ್‌ಗಳು ಖಾಸಗಿ ಬಾಲಬಂಧಿಖಾನೆ ಕಡೆಯೋರಿಂದ 28 ಲಕ್ಷ ಡಾಲರ್ ತಗೊಂಡಿದ್ದು 2009 ರಲ್ಲಿ ಬಯಲಾಯ್ತು. ಸಣ್ಣ ಪುಟ್ಟ ತಪ್ಪಿಗೆಲ್ಲ ಮಕ್ಕಳನ್ನ ಒಳಗೆ ಹಾಕಿದ್ರು, ಆಮೇಲೆ ಸಾವಿರಾರು ಮಕ್ಕಳ ಕೇಸನ್ನ ಆ ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡ್ಬೇಕಾಯ್ತು. ಅವ್ರಿಬ್ರೂ ದೊಡ್ಡ ಕೋರ್ಟಿನ ಜಡ್ಜ್‌ಗಳು, ಲಾ ಓದಿದೋರೇ, ಓಟಲ್ಲಿ ಗೆದ್ದೋರೇ. ಡಿಗ್ರಿನೂ ಅವ್ರನ್ನ ತಡೀಲಿಲ್ಲ, ಓಟೂ ತಡೀಲಿಲ್ಲ.

ಮೇ 20 ಕ್ಕೆ ಪ್ರೈಮರಿ. ಮಗಳ ಜೊತೆ ಹೋಗಿ ಹೊರಗೆ ನಿಂತಿದ್ದೆ, ಪಕ್ಕದ ಮನೆಯವರು ಬೆಳಿಗ್ಗೆಯಿಂದ ನಿಂತು ಬಂದೋರಿಗೆಲ್ಲ ಕೈ ಕುಲುಕ್ತಿದ್ರು, ಬಂದೋರೇ ಕಮ್ಮಿ. ಅದಕ್ಕೆ ಹಿಂದಿನ ವಾರ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಲ್ಲಿ ಪುಳಿಯೋಗರೆ ತಿನ್ತಾ ನಮ್ಮ ಕನ್ನಡದೋರನ್ನೇ ಕೇಳಿದೆ, ಸಿಟಿಜನ್ ಆಗಿ ಎಷ್ಟೋ ವರ್ಷ ಆದೋರು, ಈ ಎಲೆಕ್ಷನ್ ಇದೆ ಅಂತಾನೇ ಗೊತ್ತಿರ್ಲಿಲ್ಲ. ಅಧ್ಯಕ್ಷರ ಎಲೆಕ್ಷನ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ನಾಳೆ ಮನೆ ಬಾಡಿಗೆಗೋ ಮಗನ ಸ್ಪೀಡಿಂಗ್ ಟಿಕೆಟ್ಟಿಗೋ ಹೋಗಿ ನಿಲ್ಲೋದು ಯಾರ ಮುಂದೆ ಅಂತ ಗೊತ್ತಿಲ್ಲ. ಈ ಪತ್ರ ಆನ್‌ಲೈನಲ್ಲಿ ಓದೋ ಅಲ್ಲಿನ ನಮ್ಮವರು ದಯವಿಟ್ಟು ಇಂಥ ಸ್ಥಾನಗಳಿಗೆ ಮುಂದಿನ ಪ್ರೈಮರಿ ಇರೋ 2027 ರ ಮೇ ತಿಂಗಳನ್ನ ನೆನಪಿಟ್ಕೊಳ್ಳಿ.

ಅದೇ ಮೇ 20 ರಂದೇ ನಮ್ಮ ಸುಪ್ರೀಂ ಕೋರ್ಟಿಂದ ತೀರ್ಪು ಬಂತು, ಸಿವಿಲ್ ಜಡ್ಜ್ ಪರೀಕ್ಷೆ ಬರೀಬೇಕಂದ್ರೆ ಇನ್ನು ಮೂರು ವರ್ಷ ವಕೀಲಿಕೆ ಮಾಡಿರ್ಲೇಬೇಕು ಅಂತ. ಫೋನಲ್ಲಿ ಓದಿ ಖುಷಿ ಆಯ್ತು. ಕಾಲೇಜಿಂದ ನೇರ ಬೆಂಚಿಗೆ ಬಂದ ಮಕ್ಕಳು ಒಳ್ಳೆ ಬುದ್ಧಿವಂತರು, ಆದ್ರೆ ಕಕ್ಷಿದಾರ ಯಾಕೆ ಹೆದರ್ತಿದಾನೆ ಅಂತ ಅವ್ರಿಗೆ ನಾವೇ ಮೆಲ್ಲಗೆ ಹೇಳ್ಬೇಕಾಗ್ತಿತ್ತು. ಅಂದ್ರೆ ಅನುಭವ ಬೇಕು ಅಂತ ಸುಪ್ರೀಂ ಕೋರ್ಟೇ ಒಪ್ಪಿದ ಹಾಗಾಯ್ತಲ್ವಾ?

ನಾನು ಹೇಳೋಕೆ ಹೊರಟಿದ್ದು ಇಲ್ಲಿದೆ. ನಮ್ಮ ಕಾನೂನಲ್ಲೇ ಒಂದು ದಾರಿ ಇದೆ. ಕ್ರಿಮಿನಲ್ ಕೇಸು ನಡೆಸೋ ಕ್ರಮ ಹೇಳೋ ಹಳೇ ಕಾನೂನು ಸಿಆರ್‌ಪಿಸಿಯ 13 ನೇ ಸೆಕ್ಷನ್, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 11, ಸ್ಪೆಷಲ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ ಅಂತ. ಸರ್ಕಾರ ಕೇಳ್ಕೊಂಡ್ರೆ, ಸರ್ಕಾರಿ ಹುದ್ದೇಲಿ ಇರೋರಿಗೆ ಅಥವಾ ಇದ್ದೋರಿಗೆ, ಕಾನೂನಿನ ಕೆಲಸದ ಅನುಭವ ನೋಡಿ, ಕೆಲವು ಥರದ ಕೇಸುಗಳಿಗೆ ಮಾತ್ರ ಹೈಕೋರ್ಟ್ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಡಬಹುದು, ಒಂದು ಸಲಕ್ಕೆ ಒಂದು ವರ್ಷ ಮೀರೋ ಹಾಗಿಲ್ಲ. ಚುನಾವಣೆ ಇಲ್ಲ, ಪಾರ್ಟಿ ಇಲ್ಲ, ಹೈಕೋರ್ಟ್ ಹಿಡಿತ ಪೂರ್ತಿ ಇರತ್ತೆ. ನನ್ನ 34 ವರ್ಷದಲ್ಲಿ ನಾನಿದ್ದ ಯಾವ ಕೋರ್ಟಲ್ಲೂ ಈ ಸೆಕ್ಷನ್ ಕೆಳಗೆ ಒಬ್ರು ಬಂದು ಕೂತಿದ್ದನ್ನ ನೋಡ್ಲಿಲ್ಲ. ಹೆಲ್ಮೆಟ್ ದಂಡ, ಲೈಸೆನ್ಸ್ ಇಲ್ಲದ ಅಂಗಡಿ, ಸಣ್ಣ ಪುಟ್ಟ ಪೆಟ್ಟಿ ಕೇಸಿಗೆ ಬಂದ ಕೂಲಿಯವರು ತಪ್ಪು ಒಪ್ಕೊಂಡು ದಂಡ ಕಟ್ಟೋಕೆ ಬೆಳಿಗ್ಗೆ 11 ರಿಂದ ಸಾಯಂಕಾಲದ ತನಕ ಕಾರಿಡಾರಲ್ಲಿ ಕೂತಿರ್ತಾರೆ, ಒಂದು ದಿನದ ಕೂಲಿ ಹೋಗತ್ತೆ, ಎಷ್ಟೋ ಸಲ ಅದು ದಂಡಕ್ಕಿಂತ ಜಾಸ್ತಿ. ಜಡ್ಜ್ ತಪ್ಪಲ್ಲ ಅದು, ಅವ್ರ ಮುಂದೆ ಆವತ್ತಿನ ಲಿಸ್ಟ್ ಅಷ್ಟಿರತ್ತೆ.

ಜಿಲ್ಲಾ ಗ್ರಾಹಕ ಆಯೋಗದಲ್ಲಿ ಅಧ್ಯಕ್ಷರ ಪಕ್ಕ ಕೂರೋ ಸದಸ್ಯರು ಲಾ ಓದಿರ್ಲೇಬೇಕು ಅಂತೇನಿಲ್ಲ, ಅದನ್ನ ಯಾರೂ ನಗೆಪಾಟಲು ಮಾಡಲ್ಲ. ಹಾಗಿದ್ಮೇಲೆ ಕಪ್ಪು ಚುಕ್ಕೆ ಇಲ್ದೆ ರಿಟೈರ್ ಆದ ಕೋರ್ಟ್ ನೌಕರರು, ಪ್ರಾಸಿಕ್ಯೂಷನ್ ಇಲಾಖೆಯೋರು, ಕಂದಾಯ ಇಲಾಖೆಯೋರು ನಮ್ಮ ರಾಜ್ಯದಲ್ಲಿ ಎಷ್ಟು ಜನ ಇಲ್ಲ? ಅಲ್ಲಿಯ ಹಾಗೆ ಕೋರ್ಸ್ ಮಾಡ್ಸಿ, ಪರೀಕ್ಷೆ ಇಡಿ, ಪಾಸಾಗದೋರನ್ನ ತಗೋಬೇಡಿ. ಸ್ವಂತ ಇಲಾಖೆಯ ಕೇಸು ಅವ್ರ ಮುಂದೆ ಬರದ ಹಾಗೆ ನೋಡ್ಕೊಳ್ಳಿ, ಪೊಲೀಸರಿಗಂತೂ ಇದು ಕಡ್ಡಾಯ ಇರ್ಬೇಕು, ಪಕ್ಕದ ಮನೆಯವರನ್ನ ಎಷ್ಟೇ ಮೆಚ್ಚಿದ್ರೂ ಈ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ ಆಗಿಲ್ಲ, ಅದನ್ನ ಮುಚ್ಚಿಡಲ್ಲ.

ಅವ್ರು ಪ್ರೈಮರಿಯಲ್ಲಿ ಒಂದು ಪಾರ್ಟಿ ಕಡೆ ಗೆದ್ರು, ಇನ್ನೊಂದರಲ್ಲಿ ಇನ್ನೊಬ್ರು. ನವೆಂಬರ್ 4 ರ ಎಲೆಕ್ಷನ್‌ನಲ್ಲಿ ಸೋತ್ರು, ಮಗಳು ಫೋನ್ ಮಾಡಿ ಹೇಳಿದ್ಲು. ಮಾರನೇ ದಿನ ಸಂಜೆ ತಾವೇ ಬಂದು ಎಲ್ಲರ ಮನೆ ಮುಂದಿದ್ದ ತಮ್ಮ ಬೋರ್ಡ್‌ಗಳನ್ನ ಕಿತ್ಕೊಂಡು ಹೋದ್ರಂತೆ, ನಮ್ಮ ಹುಲ್ಲಿನ ಮೇಲೆ ಆದ ಗುಳಿನ ಕಾಲಲ್ಲಿ ಒತ್ತಿ ಸರಿ ಮಾಡಿ, ಅಮ್ಮ ಮತ್ತೆ ಯಾವಾಗ ಬರ್ತಾರೆ, 2031 ಕ್ಕೆ ಮತ್ತೆ ನಿಲ್ತೀನಿ ಅಂದ್ರಂತೆ. ನಮ್ಮಲ್ಲಿ ಅಷ್ಟು ವರ್ಷ ಕಾಯೋ ಅಗತ್ಯ ಇಲ್ಲ, ಸರ್ಕಾರ ಹೈಕೋರ್ಟಿಗೆ ಒಂದು ಪತ್ರ ಬರೀಬೇಕು ಅಷ್ಟೇ. ನಮ್ಮ ತಾಲೂಕಿಂದಲೇ ಶುರು ಮಾಡೋದಾದ್ರೆ ಪೆಟ್ಟಿ ಕೇಸಿನ ರಿಜಿಸ್ಟರ್ ಹೇಗೆ ಬೇರೆ ಇಡ್ಬೇಕು ಅಂತ ಹೊಸಬರಿಗೆ ಹೇಳ್ಕೊಡೋಕೆ ನಾನು ಸಂಬಳ ಇಲ್ದೆ ಬರ್ತೀನಿ.

ಇಂತಿ,
ನಿವೃತ್ತ ಶಿರಸ್ತೇದಾರ್, ತುಮಕೂರು ಜಿಲ್ಲೆ