ಬಕೆಟ್ ಬಾರಿಸಿದ್ರೆ ಯಾರೂ ಬೈಯಲ್ವಾ?

ಪ್ರಿಯ ಬಂಧುಗಳೇ,

ರಾತ್ರಿ ಹನ್ನೊಂದೂವರೆ. ಬೆಳಗಾಗುವಷ್ಟರಲ್ಲಿ ಸುದ್ದಿಪತ್ರಕ್ಕೆ ಈ ಪುಟ ಕಳಿಸಬೇಕು. ದೀಪಾವಳಿ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಮಗ ಕೇಳಿದ ಒಂದು ಮಾತು ವಾರದಿಂದ ತಲೆ ಬಿಟ್ಟು ಹೋಗುತ್ತಿಲ್ಲ.

ಹೋದ ಶನಿವಾರ ಬಾಲ್ಟಿಮೋರ್ ಪೇಟೆಗೆ ಹೋಗಿದ್ದೆವು. ಅಲ್ಲಿ ಆರ್ಕ್‌ಕಿಡ್ಸ್ ಅನ್ನುವ ಸಂಗೀತ ಪಾಠದ ಮಕ್ಕಳು ಬಕೆಟ್ ಬಾರಿಸುತ್ತಿದ್ದರು. ಪೇಂಟ್ ತುಂಬಿಸಿ ಮಾರುತ್ತಾರಲ್ಲ, ಅಂಥ ದೊಡ್ಡ ಪ್ಲಾಸ್ಟಿಕ್ ಬಕೆಟ್. ಅದನ್ನು ಬೋರಲು ಹಾಕಿ ಎರಡು ಕೋಲು ಹಿಡಿದಿದ್ದರು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಪ್ರತಿ ಸಲ ತುಟಿಯಲ್ಲೇ ಎಣಿಸಿಕೊಂಡು ಕೋಲು ಎತ್ತುತ್ತಿದ್ದಳು. ಮಗ ನನ್ನ ಕೈ ಜಗ್ಗಿದ. "ಅಮ್ಮಾ, ಬಕೆಟ್ ಬಾರಿಸಿದ್ರೆ ಇವರಿಗೆ ಯಾರೂ ಬೈಯಲ್ವಾ?"

ಬೈಯಲ್ಲ. ಅದನ್ನು ಕಲಿಸೋಕೇ ಅಲ್ಲಿ ಮೇಷ್ಟರಿದ್ದಾರೆ. ಇದನ್ನು ನಡೆಸುವುದು ನಮ್ಮ ಬಾಲ್ಟಿಮೋರ್ ಸಿಂಫನಿ ವಾದ್ಯವೃಂದ. ಆಗ ಅದರ ಸಂಗೀತ ನಿರ್ದೇಶಕಿಯಾಗಿದ್ದ ಮರಿನ್ ಆಲ್ಸಪ್ ತಮಗೆ ಬಂದ ಮ್ಯಾಕ್‌ಆರ್ಥರ್ ಫೆಲೋಶಿಪ್ ಹಣದಲ್ಲಿ 1 ಲಕ್ಷ ಡಾಲರ್ ಎತ್ತಿಕೊಟ್ಟು 2008ರಲ್ಲಿ ಶುರು ಮಾಡಿದರು. ವೆಸ್ಟ್ ಬಾಲ್ಟಿಮೋರಿನ ಒಂದೇ ಶಾಲೆ, 30 ಮಕ್ಕಳು. ಕಿಟಕಿಗಳಿಗೆ ಹಲಗೆ ಹೊಡೆದ ಮನೆಗಳ ಸಾಲು ನೋಡಿ ನಾವು ಕಾರಿನ ಬಾಗಿಲು ಲಾಕ್ ಮಾಡಿಕೊಂಡು ದಾಟುತ್ತೇವಲ್ಲ, ಅದೇ ಕಡೆ. ಈಗ ಹಲವು ಶಾಲೆಗಳಾಗಿವೆ. ಫೀಸಿಲ್ಲ, ವಾದ್ಯವನ್ನೂ ಅವರೇ ಕೊಡುತ್ತಾರೆ. ಶಾಲೆ ಬಿಟ್ಟ ಮೇಲೆ ತಿಂಡಿ, ಪಾಠ, ಊಟ. ಈ ದಾರಿ ಹಾಕಿಕೊಟ್ಟದ್ದು ವೆನೆಜುವೆಲಾದ ಹೊಸೆ ಆಂಟೋನಿಯೊ ಅಬ್ರೇಯು. 1975ರಲ್ಲಿ ಕರಾಕಸ್‌ನ ಒಂದು ಗ್ಯಾರೇಜಿನಲ್ಲಿ, 11 ಮಕ್ಕಳನ್ನು ಕೂರಿಸಿಕೊಂಡು.

ಪಾಠದ ಜೊತೆ ಊಟ ಅಂದ ಕೂಡಲೇ ನನಗೆ ಗದಗ ನೆನಪಾಯಿತು.

ಅಜ್ಜಿಯ ಪುಣ್ಯತಿಥಿಗೆ ಅಪ್ಪ ಪ್ರತಿ ವರ್ಷ ನಮ್ಮನ್ನು ಹುಬ್ಬಳ್ಳಿಯಿಂದ, ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವತ್ತಿನ ಮಕ್ಕಳ ಊಟ ನಮ್ಮ ಮನೆಯದು. ಕಣ್ಣು ಕಾಣದ ಹುಡುಗರು ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಬಂದು ಪಂಕ್ತಿಯಲ್ಲಿ ಕೂರುತ್ತಿದ್ದರು. ಒಂದು ವರ್ಷ ಊಟ ಮುಗಿದ ಮೇಲೆ ಮೂಲೆಯಲ್ಲಿ ಹದಿನಾರು ವರ್ಷದವನೊಬ್ಬ ಒಂದು ಸಣ್ಣ ಹುಡುಗನನ್ನು ಹಾರ್ಮೋನಿಯಂ ಮುಂದೆ ಕೂರಿಸಿಕೊಂಡಿದ್ದ. ಇಬ್ಬರಿಗೂ ಕಣ್ಣು ಕಾಣದು. ಹುಡುಗನ ಬೆರಳಿಗೆ ಹೋಳಿಗೆಯ ತುಪ್ಪ ಮೆತ್ತಿತ್ತು. ದೊಡ್ಡವನು ಹಾರ್ಮೋನಿಯಂನ ಕೀ ತಡವಿ ನೋಡಿದ, ಜಿಡ್ಡು ತಾಗಿತು. ತನ್ನ ಧೋತರದ ತುದಿಯಿಂದ ಮೊದಲು ಬೆರಳು ಒರೆಸಿದ, ಆಮೇಲೆ ಹಾರ್ಮೋನಿಯಂ. "ಇದು ಸಾ. ಈಗ ಕೈ ತಗದು ನೀನ ಹುಡುಕು." ಹುಡುಗ ತಪ್ಪಿದ. ಮತ್ತೆ ತಪ್ಪಿದ. ದೊಡ್ಡವನು ಒಂದು ಸಲವೂ ದನಿ ಏರಿಸಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಅಮ್ಮ ಅವಸರ ಮಾಡಿದರೆ ಅಪ್ಪ, "ಹುಡುಗಗ ಸಾ ಸಿಗಲಿ, ಆಮ್ಯಾಲ ಹೋಗೂಣು" ಅಂದರು. ಸಾ ಸಿಕ್ಕಿತು. ಬಸ್ ತಪ್ಪಿತು.

ಆ ಆಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವ ತನಕ ಆ ಮಕ್ಕಳನ್ನು ಸಾಕಿದರು. ಅವರ ಹೊಟ್ಟೆಗೆ ಅಂತ ನಾಟಕ ಕಂಪನಿಯನ್ನೂ ನಡೆಸಿದರು. ನಾವೆಲ್ಲ ಕಾರಿನಲ್ಲಿ ಕೇಳುವ ಹಿಂದೂಸ್ತಾನಿ ಗಾಯಕ ಪಂಡಿತ್ ವೆಂಕಟೇಶ್ ಕುಮಾರ್ ಬಳ್ಳಾರಿ ಕಡೆಯ ಬಡ ಮನೆಯಿಂದ ಹುಡುಗನಾಗಿ ಬಂದು ಅಲ್ಲೇ ಉಂಡು ಅಲ್ಲೇ ಕಲಿತವರು.

ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಜೂಮ್‌ನಲ್ಲಿ ಅರ್ಧ ಗಂಟೆ ಪಾಠ ಸಾಕಾಗುತ್ತದೆ. ಉಳಿದ ಆರು ದಿನ ಮನೆಯಲ್ಲಿ ವಾದ್ಯ ಇದೆ, ಕೂರಿಸಿ ಅಭ್ಯಾಸ ಮಾಡಿಸುವವರು ಇದ್ದಾರೆ. ಅದ್ಯಾವುದೂ ಇಲ್ಲದ ಮಗುವಿಗೆ ಸುಮ್ನೆ ಫೀಸ್ ಬಿಟ್ಟರೆ ಸಾಲದು. ದಿನಾ ಪಾಠ ಬೇಕು, ಹೊಟ್ಟೆಗೆ ಬೇಕು, ಕೈಯಲ್ಲಿ ವಾದ್ಯ ಬೇಕು. ಇಪ್ಪತ್ತು ವರ್ಷದಿಂದ ಈ ಊರಿನ ಅನ್ನ ತಿನ್ನುತ್ತಿದ್ದೇವೆ. ವೆಸ್ಟ್ ಬಾಲ್ಟಿಮೋರಿನ ಮಕ್ಕಳೂ ನಮ್ಮೂರಿನ ಮಕ್ಕಳೇ ಅಲ್ವಾ?

ಮಕ್ಕಳು ಬೆಳೆದು ಅವರಿಗೆ ಚಿಕ್ಕದಾಗಿ ಹೋದ ವಯಲಿನ್‌ಗಳು ನಮ್ಮ ಬೇಸ್‌ಮೆಂಟುಗಳಲ್ಲಿ ಎಷ್ಟಿವೆಯೋ. ಇದ್ದವರು ದಯವಿಟ್ಟು ನನಗೆ ತಿಳಿಸಿ. ಆರ್ಕ್‌ಕಿಡ್ಸ್‌ನವರನ್ನು ಕೇಳಿ, ಅವರಿಗೆ ಏನು ಬೇಕೋ ಅದನ್ನೇ ಕೊಡೋಣ. ಫೋನ್ ಮಾಡಿ ಓಡಾಡಲು ನನ್ನ ಜೊತೆ ಒಬ್ಬರಾದರೂ ಬನ್ನಿ. ಸುದ್ದಿಪತ್ರದ ಕರಡು ತಿದ್ದಲೂ ಒಬ್ಬರು ಬೇಕು. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಇನ್ನು ಆಗುತ್ತಿಲ್ಲ.

ಸೂಚನೆಗಳು ಬೇಗ ಬೇಗ: ರಾಜ್ಯೋತ್ಸವ ನವೆಂಬರ್ 8, ಶನಿವಾರ, ಮಧ್ಯಾಹ್ನ 3ಕ್ಕೆ. ಮಕ್ಕಳ ಹೆಸರು ಅಕ್ಟೋಬರ್ 25ರೊಳಗೆ ಕೊಡಿ. ದೀಪಾವಳಿ ವಾರ ಕನ್ನಡ ಶಾಲೆಗೆ ರಜೆ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ. ಬಡಿಸಲು ಎಂಟು ಜನ ಬೇಕು, ಇಲ್ಲಿಯವರೆಗೆ ಇಬ್ಬರು ಒಪ್ಪಿದ್ದಾರೆ. ಚಳಿಗಾಲದ ಹಳೆಯ ಕೋಟುಗಳನ್ನೂ ಅವತ್ತೇ ತನ್ನಿ, ಬಾಗಿಲ ಬಳಿ ಪೆಟ್ಟಿಗೆ ಇಟ್ಟಿರುತ್ತೇವೆ.

ಇನ್ನೊಂದು. ನನ್ನ ಮಗ ಮತ್ತು ಅವನ ನಾಲ್ಕು ಗೆಳೆಯರು ರಾಜ್ಯೋತ್ಸವಕ್ಕೆ ಬಕೆಟ್ ಬಾರಿಸುತ್ತಾರಂತೆ. ದಿನಾ ಸಂಜೆ ನಮ್ಮ ಗ್ಯಾರೇಜಿನಲ್ಲಿ ಅಭ್ಯಾಸ ನಡೆದಿದೆ. ಐದು ಗ್ಯಾಲನ್ ಬಕೆಟ್ ಆಗಬೇಕು, ಸೀಳಿರಬಾರದು. ನಮ್ಮಲ್ಲಿ ಎರಡಿವೆ. ಇನ್ನು ಮೂರು ಬೇಕು.