ಅತ್ತಿಗೆಗೆ, ಮತ್ತೆ ಉಳಿದ ಎಲ್ಲರಿಗೂ

ಮದುವೆ ತಯಾರಿಗೆ ಅಂತ ಮಾಡಿದ ನಮ್ಮ ಆ್ಯಪ್ ಈ ವಾರ ಎಲ್ಲರಿಗೂ ಸಿಗುವ ಹಾಗಾಯಿತು. ಪರೀಕ್ಷೆಯ ಹಂತ ಮುಗಿಯಿತು, ಇನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದನ್ನು ಯಾಕೆ ಶುರು ಮಾಡಿದೆವು, ನಡುವೆ ಯಾಕೆ ನಿಂತುಹೋಯಿತು, ದುಡ್ಡಿನ ಗೋಳು ಏನಿತ್ತು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಪಾಪ, ಗಂಟೆಗಟ್ಟಲೆ ಫೋನಿನಲ್ಲಿ ಕೇಳಿಸಿಕೊಂಡಿದ್ದೀರಿ. ಮತ್ತೆ ಕೊರೆಯಲ್ಲ. ಇವತ್ತು ಥ್ಯಾಂಕ್ಸ್ ಹೇಳಬೇಕು, ಅಷ್ಟೇ.

ರಾತ್ರಿ ಹಗಲು ಕೋಡ್ ಬರೆದ ಇಬ್ಬರು ಗೆಳೆಯರಿಗೆ, 'ಪಟ್ಟಿ' ಅಂತ ಬರೆದರೆ ಒತ್ತಕ್ಷರದ ಕೆಳಭಾಗ ಬಟನ್ನಿನ ಅಂಚಿಗೆ ಸಿಕ್ಕಿ ಅರ್ಧ ಮಾಯವಾಗುತ್ತಿದ್ದುದನ್ನು ಮೊದಲು ಗಮನಿಸಿ ಸರಿಮಾಡಿದ ತಮ್ಮನಿಗೆ, ತಿಳಿ ಬೂದು ಅಕ್ಷರ ಬಿಸಿಲಲ್ಲಿ ಯಾರಿಗೂ ಕಾಣಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಬೇಕೇ ಬೇಕು ಅಂತ ನನ್ನ ಜೊತೆ ಜಗಳಕ್ಕೆ ನಿಂತು ಗೆದ್ದ ಗೆಳತಿಗೆ, ಸಾಲ ಕೊಟ್ಟು ಯಾವತ್ತೂ ಬಾಯಿಬಿಟ್ಟು ಕೇಳದ ಮಾವನಿಗೆ, ಇನ್ನೂ ಅರೆಬರೆಯಾಗಿದ್ದ ಆ್ಯಪನ್ನು ತಮ್ಮ ನಿಜವಾದ ಮದುವೆಗೇ ಬಳಸುವ ಧೈರ್ಯ ಮಾಡಿದ ಮನೆಯವರಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಳು ಅಂತ ಬೇಜಾರು ಮಾಡ್ಕೋಬೇಡಿ. ಇದು ಮುಖ್ಯವಾಗಿ ನಮ್ಮ ಅತ್ತಿಗೆಯ ಬಗ್ಗೆ ಬರೆಯುತ್ತಿರುವುದು.

ಅತ್ತಿಗೆಗೂ ಸಾಫ್ಟ್‌ವೇರಿಗೂ ಸಂಬಂಧ ಇಲ್ಲ. ಅವರದು ಲೆಕ್ಕಪತ್ರದ ಕೆಲಸ. ಆದರೆ ನಮ್ಮ ಕುಟುಂಬದಲ್ಲಿ ಯಾರದೇ ಮದುವೆ ಇರಲಿ, ನಡೆಸುವವರು ಅವರೇ. ಯಾರೂ ಅವರಿಗೆ ವಹಿಸಿಕೊಟ್ಟಿದ್ದಲ್ಲ, ಹಾಗೇ ಬಂದುಬಿಟ್ಟಿದೆ. ಹಾಲ್‌ನವರಿಗೆ ಅಡ್ವಾನ್ಸ್ ಕೊಟ್ಟಾಯ್ತಾ? ಅತ್ತಿಗೇನ ಕೇಳು. ಬೆಳಗ್ಗೆ ಬರುವವರನ್ನು ಕರೆದುಕೊಂಡು ಬರುವುದು ಯಾರು? ಅತ್ತಿಗೇನ ಕೇಳು. ಫೋಟೊದವರು ಎಷ್ಟು ಗಂಟೆಗೆ ಬರ್ತಾರೆ, ಉಂಗುರ ಯಾರ ಹತ್ತಿರ ಇದೆ, ಮಾತು ಬಿಟ್ಟಿರುವ ಇಬ್ಬರು ಚಿಕ್ಕಪ್ಪಂದಿರನ್ನು ಒಂದೇ ಟೇಬಲ್ಲಿಗೆ ಕೂರಿಸದೆ ಇರುವುದು ಹೇಗೆ, ಎಲ್ಲ ಅವರ ತಲೆಯಲ್ಲೇ. ಎಲ್ಲ ಮನೆಯಲ್ಲೂ ಇಂಥವರು ಒಬ್ಬರು ಇರ್ತಾರೆ, ಅಲ್ವಾ?

ನನ್ನ ಮದುವೆ ಫೋಟೊಗಳನ್ನು ಬಹಳ ದಿನ ಆದ ಮೇಲೆ ಒಂದು ಸಲ ಸುಮ್ನೆ ನೋಡುತ್ತಾ ಕೂತಿದ್ದೆ. ಅತ್ತಿಗೆ ಎಲ್ಲೂ ಇಲ್ಲ. ಎಲ್ಲರೂ ನಿಂತ ಫೋಟೊದಲ್ಲೂ ಇಲ್ಲ. ಒಂದರಲ್ಲಿ ಮಾತ್ರ ಅಂಚಿನಲ್ಲಿ ಅವರ ಅರ್ಧ ಭುಜ, ಕಿವಿಗೆ ಒತ್ತಿ ಹಿಡಿದ ಫೋನು. ಈ ಆ್ಯಪಿನ ಯೋಚನೆ ಹುಟ್ಟಿದ್ದೇ ಅಲ್ಲಿ.

ಆ್ಯಪ್ ನಮ್ಮ ಕೈಯಲ್ಲಿ ಓಡಾಡುವ ಸ್ಥಿತಿಗೆ ಬಂದಾಗ ಮೊದಲು ಅವರ ಕೈಗೇ ಕೊಟ್ಟೆ. ಐದು ಜನರ ಕೈಗೆ ಕೊಟ್ಟು ನೋಡಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು 85% ಗೊತ್ತಾಗುತ್ತವೆ ಅಂತ, ಬಳಸಲು ಸುಲಭವಾದ ವಿನ್ಯಾಸದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ನಮ್ಮ ಕ್ಷೇತ್ರದಲ್ಲಿ ಅದನ್ನು ಕೇಳದವರಿಲ್ಲ, ಅದರ ಮೇಲೆ ವಾದ ಮಾಡದವರೂ ಇಲ್ಲ. ನನ್ನ ಅನುಭವ ಕೇಳಿದರೆ ಅತ್ತಿಗೆ ಒಬ್ಬರೇ ಸಾಕು. ಅವರು ಫೋನ್ ಹಿಡಿದು, ಕನ್ನಡಕ ಮೇಲೆ ಸರಿಸಿ, ಒಂದು ನಿಮಿಷ ನೋಡಿ ಹೇಳಿದರು: "ಇದೇನೇ ಇದು, ನನ್ನನ್ನೇ ಬೈತಾ ಇದೆಯಲ್ಲ!"

ನಿಜವಾಗಿಯೂ ಬೈತಾ ಇತ್ತು. ಇಂಥ ಆ್ಯಪ್‌ಗಳಲ್ಲಿ ಮಾಡಬೇಕಾದ ಕೆಲಸದ ಪಟ್ಟಿಯನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಮದುವೆಗೆ ಮೂರೇ ತಿಂಗಳಿದೆ ಅಂತ ತಾರೀಖು ಹಾಕಿದರೆ ಮುಗೀತು, ತೆರೆದ ಕೂಡಲೇ ಅರ್ಧ ಪಟ್ಟಿ ಕೆಂಪು, 'ತಡವಾಗಿದೆ, ತಡವಾಗಿದೆ' ಅಂತ ಸಾಲಾಗಿ. ಇನ್ನೂ ಒಂದು ಕೆಲಸಕ್ಕೂ ಕೈ ಹಾಕಿಲ್ಲ, ಆಗಲೇ ಸೋತಿದ್ದೀರಿ. ಮೊದಲೇ ಟೆನ್ಶನ್ ಇರುವವರಿಗೆ ಟೆನ್ಶನ್ ಕಡಿಮೆ ಮಾಡ್ತೀವಿ ಅಂತ ಹೋಗಿ ಹೀಗಾ ಮಾಡುವುದು? ಅತ್ತಿಗೆ ಕೇಳಿದ್ದು ಇಷ್ಟೇ: "ಈ ವಾರ ಏನು ಮಾಡಬೇಕು ಅಂತ ಹೇಳು, ಸಾಕು. ಉಳಿದದ್ದು ಎಲ್ಲೋ ಇದೆ ಅಂತ ಗೊತ್ತಿದ್ದರೆ ಆಯ್ತು." ಈಗ ಆ್ಯಪ್ ತೆರೆದರೆ ಕಾಣುವುದು ಈ ವಾರದ ಮೂರು ಕೆಲಸ. ಇಷ್ಟಪಟ್ಟವರು ಒತ್ತಿದರೆ ಮಾತ್ರ ಪೂರ್ತಿ ಪಟ್ಟಿ. ಸಮಯ ಕಡಿಮೆ ಇದ್ದರೆ ಪಟ್ಟಿಯೇ ತನ್ನನ್ನು ಕುಗ್ಗಿಸಿಕೊಳ್ಳುತ್ತದೆ, ಬಿಟ್ಟರೂ ನಡೆಯುವ ಕೆಲಸಗಳನ್ನು ತಾನೇ ಪಕ್ಕಕ್ಕೆ ಇಡುತ್ತದೆ. ಕೆಂಪು ಬಣ್ಣ ತೆಗೆದೇಬಿಟ್ಟೆವು. ಹೇಗೂ ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದವರು, ಅದರಲ್ಲೂ ಗಂಡಸರು, ಬೇಕಾದಷ್ಟು ಜನ ಇದ್ದಾರೆ. ಬಣ್ಣದ ಮೇಲೇ ಎಲ್ಲ ನಿಂತಿದ್ದರೆ ಅವರ ಗತಿ ಏನು?

ಇನ್ನೊಂದು ಸಂಗತಿ. ಪ್ರತಿ ಕೆಲಸದ ಪಕ್ಕ ಒಂದು ಹೆಸರು, ಒಂದು ದಿನ ಇರಲೇಬೇಕು ಅಂತ ಹಟ ಹಿಡಿದವರೂ ಅವರೇ. ಆ್ಯಪ್ ಹಾಕಿಕೊಂಡವರ ತಲೆಗೇ ಎಲ್ಲ ಕೆಲಸ ಕಟ್ಟುವುದು ಬೇಡ, ಹೆಸರಿನ ಜಾಗ ಖಾಲಿ ಇದ್ದರೆ ಖಾಲಿ ಅಂತಲೇ ಕಾಣಲಿ, ಮನೆಯವರೆಲ್ಲ ನೋಡಲಿ ಅಂದರು. "ಯಾರು ಮಾಡ್ತಾರೆ, ಯಾವಾಗ ಮಾಡ್ತಾರೆ ಅಂತ ಗೊತ್ತಾದ್ರೆ ನನಗೆ ನಿದ್ದೆ ಬರುತ್ತೆ ಕಣೇ. ಕೆಲಸ ಮುಗಿದಿರಲೇಬೇಕು ಅಂತ ಏನಿಲ್ಲ." ಆಮೇಲೆ ಓದುವಾಗ ಸಿಕ್ಕಿತು, ಮಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಮನಶ್ಶಾಸ್ತ್ರಜ್ಞರು 2011ರಲ್ಲಿ ಹೆಚ್ಚುಕಡಿಮೆ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬಾಕಿ ಉಳಿದ ಕೆಲಸ ತಲೆ ಕೊರೆಯುತ್ತಾ ಇರುತ್ತದೆ, ಆದರೆ ಅದನ್ನು ಹೇಗೆ, ಯಾವಾಗ ಮಾಡುವುದು ಅಂತ ಸರಿಯಾಗಿ ಗೊತ್ತು ಮಾಡಿಕೊಂಡರೆ, ಕೆಲಸ ಆಗದಿದ್ದರೂ ಕೊರೆತ ಕಡಿಮೆಯಾಗುತ್ತದೆ. ಅತ್ತಿಗೆಗೆ ಇದನ್ನು ಹೇಳಿದೆ. "ಅದಕ್ಕೂ ಪ್ರಯೋಗ ಮಾಡಬೇಕಿತ್ತಾ?" ಅಂದರು.

ಬಟನ್ ಚಿಕ್ಕದಾಯ್ತು, ಒಂದು ಕೈಯಲ್ಲಿ ಚೀಲ ಇದ್ದರೆ ಹೆಬ್ಬೆರಳಿಗೆ ಸಿಗಲ್ಲ ಅಂದರು. ದೊಡ್ಡದು ಮಾಡಿದೆವು. ವಯಸ್ಸಾದವರು ಆ್ಯಪ್ ಹಾಕಿಕೊಳ್ಳಲ್ಲ, ಪಾಸ್‌ವರ್ಡ್ ಕೇಳಿದರೆ ಫೋನ್ ಪಕ್ಕಕ್ಕಿಟ್ಟು ಬಿಡ್ತಾರೆ ಅಂದರು. ಈಗ ಒಂದು ಲಿಂಕ್ ಒತ್ತಿದರೆ ಸಾಕು, ಬರ್ತೀರಾ ಇಲ್ಲವಾ ಅಂತ ಹೇಳಬಹುದು. 'ಬರ್ತೀನಿ', 'ಬರಲ್ಲ' ಎರಡೇ ಇದ್ದರೆ ಸಾಲದು, 'ನೋಡ್ತೀನಿ' ಅನ್ನುವವರೇ ಜಾಸ್ತಿ ಅಂದರು. ಅದೂ ಸೇರಿತು. ಆದ್ದರಿಂದಲೇ ಅಡುಗೆಯವರಿಗೆ ಹೋಗುವ ಲೆಕ್ಕ ಈಗ ಒಂದೇ ಸಂಖ್ಯೆಯಾಗಿ ಹೋಗುವುದಿಲ್ಲ, ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಅಂತ ಹೋಗುತ್ತದೆ.

ಆ ರಾತ್ರಿಯ ಬಗ್ಗೆ ಈಗ ಹೇಳಬೇಕು. ಕೆಲವರಿಗೆ ಗೊತ್ತು, ತುಂಬಾ ಜನಕ್ಕೆ ಗೊತ್ತಿಲ್ಲ.

ಪರೀಕ್ಷೆಗೆ ಒಪ್ಪಿಕೊಂಡಿದ್ದ ಮನೆಯೊಂದರಲ್ಲಿ ಮರುದಿನ ಬೆಳಗ್ಗೆ ಮದುವೆ. ಸಂಜೆ ನಾವು ಬಾಡಿಗೆಗೆ ತೆಗೆದುಕೊಂಡಿದ್ದ ಸರ್ವರ್, ಅಂದರೆ ಎಲ್ಲರ ಫೋನಿನ ಪಟ್ಟಿಯನ್ನು ಒಂದು ಮಾಡುವ ಕಂಪ್ಯೂಟರ್, ಮಲಗಿಬಿಟ್ಟಿತು. ಆ ಕಂಪನಿಯವರಿಗೆ ಎಷ್ಟು ಸಲ ಬರೆದರೂ 'ಪರಿಶೀಲಿಸುತ್ತಿದ್ದೇವೆ' ಅನ್ನುವ ಒಂದೇ ಉತ್ತರ. ಹಳೆಯ ಪಟ್ಟಿ ಎಲ್ಲರ ಫೋನಿನಲ್ಲೂ ಉಳಿದಿತ್ತು. ಆದರೆ ಮದುವೆ ಹಿಂದಿನ ದಿನ ಎಷ್ಟು ಬದಲಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಯಾರ ವಿಮಾನ ತಡ, ಯಾರು ಯಾವ ಗಾಡಿಯಲ್ಲಿ, ಯಾರನ್ನು ಯಾವ ಟೇಬಲ್ಲಿಗೆ ಸರಿಸಿದ್ದು. ಈ ಬದಲಾವಣೆಗಳು ಒಂದೊಂದು ಫೋನಿನಲ್ಲಿ ಒಂದೊಂದು ಚೂರು ಕೂತಿದ್ದವು, ಒಟ್ಟಿಗೆ ಸೇರಲು ದಾರಿ ಇಲ್ಲ. ಮದುಮಗಳ ಅಕ್ಕ ಫೋನ್ ಮಾಡಿದಾಗ ಅವರ ಧ್ವನಿ ನಡುಗುತ್ತಿತ್ತು. ಅವರೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರೆ ಅಷ್ಟು ಹೊತ್ತಿಗೆ ನಿಶ್ಚಿಂತೆಯಿಂದ ಮಲಗಿರುತ್ತಿದ್ದರು. ನಮ್ಮನ್ನು ನಂಬಿದ್ದಕ್ಕೆ ಎದ್ದು ಕೂತಿದ್ದರು. ಇದು ನನ್ನ ಎದೆಗೆ ಹೇಗೆ ನಾಟಿತು ಅಂತ ಬರೆಯಲು ಬರುತ್ತಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅತ್ತುಬಿಟ್ಟೆ. ಇದೆಲ್ಲ ಬೇಡ, ಬೆಳಗಾದ ಮೇಲೆ ಎಲ್ಲ ಅಳಿಸಿಹಾಕಿ ಬೇರೆ ಕೆಲಸ ಹುಡುಕಿಕೊಳ್ತೀನಿ ಅಂತ ಅಂದುಕೊಂಡಿದ್ದೂ ನಿಜ.

ಅತ್ತಿಗೆ ಅವತ್ತು ನಮ್ಮ ಮನೆಯಲ್ಲಿದ್ದರು, ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದವರು. ನಿದ್ದೆಯಿಂದ ಎದ್ದು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಯಾರ ಫೋನಲ್ಲಿ ಏನಿದೆ?" ಸರ್ವರ್ ಅಂದರೇನು, ಯಾಕೆ ನಿಂತಿತು, ಒಂದೂ ಕೇಳಲಿಲ್ಲ. ಬಳಸಿ ಬಿಟ್ಟ ಲೆಕ್ಕದ ಹಾಳೆಗಳ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರು. ಹೆಸರು, ಗಾಡಿ, ಟೇಬಲ್, ಯಾರು ಹೇಳಿದ್ದು. ಆಮೇಲೆ ಆ ಮನೆಯವರಿಗೆ ಒಬ್ಬೊಬ್ಬರಿಗೇ ಫೋನ್. ಮುಖ ಪರಿಚಯವೇ ಇಲ್ಲದವರ ಜೊತೆ, ನಡುರಾತ್ರಿಯಲ್ಲಿ, "ಅಮ್ಮಾ, ನಿಮ್ಮ ಫೋನಲ್ಲಿ ಏನು ಕಾಣ್ತಿದೆಯೋ ಅದನ್ನು ಓದ್ತಾ ಹೋಗಿ, ನಾನು ಬರ್ಕೊಳ್ತೀನಿ. ಅವಸರ ಏನಿಲ್ಲ." ಆ 'ಅವಸರ ಏನಿಲ್ಲ'ವನ್ನು ಅವರು ಹೇಳಿದ ರೀತಿಗೇ ಆ ಕಡೆಯವರ ಉಸಿರು ಸರಿಹೋಗುತ್ತಿದ್ದುದು ನನಗೆ ಸ್ಪೀಕರ್‌ನಲ್ಲಿ ಕೇಳಿಸುತ್ತಿತ್ತು. ಒಂದೇ ಅತಿಥಿಯ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿದರೆ ಅಲ್ಲಿ ಒಂದು ಚುಕ್ಕೆ ಇಟ್ಟು, ಇಬ್ಬರಿಗೂ ತಿರುಗಿ ಫೋನ್ ಮಾಡಿ ಕೇಳುತ್ತಿದ್ದರು. ನಾನು ಮತ್ತೆ ಮೂಗು ಒರೆಸಿಕೊಂಡಾಗ ತಲೆ ಎತ್ತದೆ, "ಅಳೋದನ್ನ ಆಮೇಲೆ ಇಟ್ಕೋ, ಈಗ ಹದಿನಾಲ್ಕನೇ ಟೇಬಲ್ ಓದು" ಅಂದರು.

ಬೆಳಕು ಹರಿಯುವ ಹೊತ್ತಿಗೆ ಪಟ್ಟಿ ಒಂದಾಯಿತು. ನಾನು ಟೈಪ್ ಮಾಡಿ ಎಲ್ಲರಿಗೂ ಕಳಿಸಿದೆ, ಆ ಮನೆಯವರು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಓಡಾಡಿದರು. ಮದುವೆ ಚೆನ್ನಾಗಿ ನಡೆಯಿತು. ಸರ್ವರ್ ಮಧ್ಯಾಹ್ನ ಎದ್ದಿತು, ಊಟಕ್ಕೆ ಬಂದ ನೆಂಟರ ಹಾಗೆ.

ಈಗಿನ ಆ್ಯಪ್‌ನಲ್ಲಿ ಆ ರಾತ್ರಿಯಿಂದ ಬಂದದ್ದು ಎರಡು ಇವೆ. ಇಬ್ಬರು ಒಂದೇ ಹೆಸರನ್ನು ಬೇರೆ ಬೇರೆಯಾಗಿ ತಿದ್ದಿದರೆ, ಕೊನೆಗೆ ತಿದ್ದಿದವರದ್ದೇ ಸರಿ ಅಂತ ಎಷ್ಟೋ ಆ್ಯಪ್‌ಗಳು ಸುಮ್ಮನೆ ಒಪ್ಪಿಕೊಂಡು ಬಿಡುತ್ತವೆ. ನಮ್ಮದು ಹಾಗೆ ಮಾಡಲ್ಲ. ಅತ್ತಿಗೆ ಇಟ್ಟ ಹಾಗೆ ಅಲ್ಲಿ ಒಂದು ಚುಕ್ಕೆ ಇಡುತ್ತದೆ, ಎರಡನ್ನೂ ಉಳಿಸಿಕೊಂಡು ಮನೆಯವರನ್ನೇ ಕೇಳುತ್ತದೆ. ಮತ್ತೆ ಮದುವೆಯ ವಾರದಲ್ಲಿ ದಿನಾ ಸಂಜೆ, ಯಾರೂ ಕೇಳದಿದ್ದರೂ, ಪ್ರಿಂಟ್ ಮಾಡುವ ಹಾಗಿರುವ ಒಂದು ಹಾಳೆ ಮನೆಯವರಿಗೆಲ್ಲ ಹೋಗುತ್ತದೆ. ಆ ಹಾಳೆಯ ಗೆರೆ, ಕಾಲಂ ಎಲ್ಲ ಅತ್ತಿಗೆಯ ಆ ಲೆಕ್ಕದ ಹಾಳೆಯದ್ದೇ ನಕಲು, 'ಯಾರು ಹೇಳಿದ್ದು' ಅನ್ನುವ ಕೊನೆಯ ಕಾಲಂ ಸಮೇತ. ಆ್ಯಪ್ ಡಿಸೈನ್ ಮಾಡುವವರಿಗೆ ಫೋನು ಬಿಟ್ಟು ಕಾಗದಕ್ಕೆ ಹೋಗುವುದು ಸ್ವಲ್ಪ ಅವಮಾನದ ವಿಷಯ. ನನಗಂತೂ ಆ್ಯಪಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ.

ಅತ್ತಿಗೆ, ನಿಮಗೆ ಎದುರಲ್ಲಿ ಥ್ಯಾಂಕ್ಸ್ ಹೇಳಿದರೆ "ಸಾಕು ಬಿಡೇ" ಅಂತ ಎದ್ದು ಹೋಗ್ತೀರಿ. ಅದಕ್ಕೇ ಎಲ್ಲರ ಮುಂದೆ ಬರೆದೆ, ಈಗ ಎದ್ದು ಹೋಗಲು ಆಗಲ್ಲ. ನೀವು ಅವತ್ತು ಕೇಳಿದ ಆ ಒಂದು ಪ್ರಶ್ನೆ ಇಲ್ಲದಿದ್ದರೆ ಇವತ್ತು ನಾನು ಈ ಕೆಲಸದಲ್ಲಿ ಇರುತ್ತಿರಲಿಲ್ಲ. ಮುಂದಿನ ಮದುವೆಯಲ್ಲಿ ನೀವು ಫೋಟೊಕ್ಕೆ ನಿಲ್ಲುವುದು ಅಂತ ಒಂದು ಕೆಲಸ ಪಟ್ಟಿಗೆ ಸೇರಿಸಿದ್ದೇನೆ. ಪಕ್ಕದಲ್ಲಿ ನನ್ನ ಹೆಸರಿದೆ, ದಿನವೂ ಇದೆ.

ಅವರ ದೂರುಗಳೇನೂ ಮುಗಿದಿಲ್ಲ. ತಪ್ಪಿ ಅಳಿಸಿದ ಹೆಸರು ವಾಪಸ್ ಬರುವುದು ಇನ್ನೂ ಸುಲಭ ಆಗಬೇಕಂತೆ. ಮದುವೆ ಮುಗಿದ ಮೇಲೆ ಅತಿಥಿಗಳ ಫೋನ್ ನಂಬರು ನಮ್ಮ ಹತ್ತಿರ ಯಾಕಿರಬೇಕು ಅಂತಲೂ ಕೇಳಿದ್ದಾರೆ, ನ್ಯಾಯವಾದ ಪ್ರಶ್ನೆ. ಎರಡೂ ಮುಂದಿನ ಆವೃತ್ತಿಗೆ ಬರುತ್ತವೆ. ನಿಮಗೆ ಏನಾದರೂ ತೊಂದರೆ ಕಂಡರೆ ನನಗೇ ಬರೆಯಿರಿ, ದಯವಿಟ್ಟು ಅತ್ತಿಗೆಗೆ ಫೋನ್ ಮಾಡಬೇಡಿ. ಈ ವಾರ ಅವರು ರಜೆ ಹಾಕಿದ್ದಾರೆ.